ಬೆಳ್ಳಿಯಪ್ಪನವರ ಬೆರಳಿಗೆ ತಕ್ಕ ಗುಂಡಿ

ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ರುದ್ರಾಣಿ, ಕಳಸದ ಬಸ್‌ಸ್ಟ್ಯಾಂಡಿನ ಎದುರು ಅಪ್ಪ ಜಯದೇವಪ್ಪನವರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತದ್ದು ತೊಂಬತ್ತೊಂಬತ್ತರಲ್ಲಿ. ಮೊದಮೊದಲು ಬಂದವರು "ಅಪ್ಪ ಇಲ್ವಾ?" ಎಂದು ಕೇಳಿ ರೇಡಿಯೋ ಸಮೇತ ಹಿಂದಿರುಗುತ್ತಿದ್ದರು. ಐದು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಎದುರಿಗೇ ಕೂತಿದ್ದರೂ ಅವಳನ್ನೇ ಕೇಳುವಂತಾಯಿತು.

ಹಾಗೆ ಬಂದವರಲ್ಲಿ ಕೃಷ್ಣಮ್ಮ ಒಬ್ಬರು. ಅವರ ಗಂಡ ಬೆಳ್ಳಿಯಪ್ಪನವರಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಎಡಗೈ ಮಾತ್ರ ಅಷ್ಟಿಷ್ಟು ಆಡುತ್ತಿತ್ತು. ಕಾಫಿ ಕುಯ್ಲಿನ ಕಾಲ, ಕೃಷ್ಣಮ್ಮ ಹಗಲೆಲ್ಲ ಕಣದಲ್ಲಿ ಕಾಫಿ ಒಣಗಿಸಬೇಕು. ರುದ್ರಾಣಿ ಒಂದು ಪೆಟ್ಟಿಗೆ ಮಾಡಿಕೊಟ್ಟಳು. ಹಾಸಿಗೆಯ ಪಕ್ಕದ ಗುಂಡಿಯನ್ನು ಒಮ್ಮೆ ಒತ್ತಿದರೆ ಕಣದಲ್ಲಿ ಸಣ್ಣ ಗಂಟೆ, ಎರಡು ಸಲ ಒತ್ತಿದರೆ ಸೈರನ್. ಒಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆದವಳೂ ಅವಳೇ. ಅಂಗಡಿಯಲ್ಲಿ ನೂರು ಸಲ ಒತ್ತಿ ನೋಡಿದ್ದಳು, ಒಮ್ಮೆಯೂ ತಪ್ಪಿರಲಿಲ್ಲ.

ವಾರ ಕಳೆದು ಕೃಷ್ಣಮ್ಮ ಮತ್ತೆ ಬಂದರು.

"ಒಂದೇ ಸಲ ಒತ್ತಿದ್ರೂ ಸೈರನ್ ಹೊಡ್ಕೊಳ್ತದೆ ಮಾರಾಯ್ತಿ. ಕಣದಲ್ಲಿದ್ದೋರೆಲ್ಲ ಬಿದ್ದೆದ್ದು ಓಡಿ ಬಂದ್ರೆ ಅವ್ರಿಗೆ ಬೇಕಿದ್ದಿದ್ದು ಒಂದು ಲೋಟ ನೀರು! ಮೂರು ಸಲ ಹೀಗಾಯ್ತು. ಈಗ ನಾಚಿಕೆ ಆಗಿ ಗುಂಡಿ ಮುಟ್ಟೋದೇ ಬಿಟ್ಟಿದ್ದಾರೆ."

ಮಾತು ಹೋದ ಮನುಷ್ಯನಿಗೆ ಉಳಿದಿದ್ದ ಒಂದು ದಾರಿಯನ್ನೂ ತಾನೇ ಮುಚ್ಚಿದಂತಾಯಿತಲ್ಲ ಎನಿಸಿತು ರುದ್ರಾಣಿಗೆ. ಎಷ್ಟು ಸಲ, ಎಷ್ಟು ಅಂತರದಲ್ಲಿ ಒತ್ತಿದರೆಂದು ಅಂಕಿಯಲ್ಲಿ ತೋರಿಸುವ ಒಂದು ಸಾಧನ ಜೋಡಿಸಿಕೊಂಡು ಮರುದಿನವೇ ಅವರ ಮನೆಗೆ ಜೀಪು ಹತ್ತಿದಳು.

"ಬೆಳ್ಳಿಯಪ್ಪೋರೇ, ತಪ್ಪು ನಿಮ್ದಲ್ಲ, ನಂದು. ಒಂದೇ ಒಂದು ಸಲ ಒತ್ತಿ ನೋಡುವಾ."

ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಅವಳು ಕಾದಳು. ಕೊನೆಗೆ ಬೆರಳು ನಿಧಾನವಾಗಿ ಕೆಳಗಿಳಿಯಿತು. ಅಂಕಿ ಒಂದರಲ್ಲಿ ನಿಲ್ಲದೆ ನಾಲ್ಕಕ್ಕೆ ಹೋಯಿತು.

ಅವಳ ಗಟ್ಟಿ ಹೆಬ್ಬೆರಳಿಗೆ ಗುಂಡಿಯೊಳಗಿನ ಎರಡು ತಗಡು ಪಟ್ಟನೆ ಕೂಡಿಬಿಡುತ್ತಿದ್ದವು. ಕೂಡುವಾಗ ತಗಡುಗಳಿಗೆ ಬರುವ ಸಣ್ಣ ನಡುಕ ನಿಲ್ಲಲು ಪ್ರೋಗ್ರಾಂ ಕಾಯುತ್ತಿದ್ದ ಹೊತ್ತು ಸಾಕಾಗುತ್ತಿತ್ತು. ಇವರ ಬೆರಳಿಗೆ ಕಸುವಿಲ್ಲ. ತಗಡುಗಳು ಕೂಡಿ, ಬಿಟ್ಟು, ಮತ್ತೆ ಕೂಡುತ್ತಿದ್ದವು. ಚಿಪ್ಪು ಒಂದೊಂದನ್ನೂ ಬೇರೆ ಒತ್ತು ಎಂದು ಎಣಿಸುತ್ತಿತ್ತು.

"ಈಗ ಎರಡು ಸಲ ಒತ್ತಿ."

ಎರಡು ಒತ್ತಿನ ನಡುವೆ ಒಂದು ಸೆಕೆಂಡಿಗೂ ಹೆಚ್ಚು ಅಂತರ. ಎರಡನೆಯ ಒತ್ತಿಗೆ ಅವಳ ಪ್ರೋಗ್ರಾಂ ಕಾಯುತ್ತಿದ್ದದ್ದು ಅರ್ಧ ಸೆಕೆಂಡು! ಬರೀ ನಡುಕವನ್ನಷ್ಟೇ ಸರಿಪಡಿಸಿದ್ದರೆ, ನಿಜವಾಗಿ ಜೀವಕ್ಕೆ ಕುತ್ತು ಬಂದಾಗ ಅವರು ಎರಡು ಸಲ ಒತ್ತಿದರೂ ಸಣ್ಣ ಗಂಟೆಯೇ ಆಗುತ್ತಿತ್ತು. ಹಾಗೇನೂ ಆಗುವ ಮೊದಲೇ ಗೊತ್ತಾಯಿತಲ್ಲ ಎಂದು ರುದ್ರಾಣಿಗೆ ಸಮಾಧಾನವಾಯಿತು.

ಆ ದಿನ ಇಪ್ಪತ್ತು ಸಲ ಒತ್ತಿಸಿ, ಎಲ್ಲವನ್ನೂ ಬರೆದುಕೊಂಡು, ಪೆಟ್ಟಿಗೆ ಸಮೇತ ಅಂಗಡಿಗೆ ಬಂದಳು. ತಗಡುಗಳು ಪೂರ್ತಿ ನೆಲೆ ನಿಂತ ಮೇಲೆಯೇ ಒಂದು ಒತ್ತು ಎಂದು ಒಪ್ಪುವಂತೆಯೂ, ಎರಡನೆಯದಕ್ಕಾಗಿ ಎರಡು ಸೆಕೆಂಡು ಕಾಯುವಂತೆಯೂ ತಿದ್ದಿದಳು. ಆಗ ಹೊಸ ತೊಡಕು: ಗಂಟೆ ತಡವಾದರೆ ಆಗಲಿಲ್ಲವೇನೋ ಎಂದು ಅವರು ಮತ್ತೆ ಒತ್ತಿಬಿಟ್ಟಾರು. ಅದಕ್ಕೆ ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ ಕೂರಿಸಿದಳು. ಒತ್ತಿದ್ದು ಲೆಕ್ಕಕ್ಕೆ ಬಂದ ಕೂಡಲೇ ಅದು ಹೊತ್ತುತ್ತಿತ್ತು.

ಭಾನುವಾರ ಪೆಟ್ಟಿಗೆ ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂತು. ಬೆಳ್ಳಿಯಪ್ಪನವರು ಅಳುಕುತ್ತಲೇ ಒತ್ತಿದರು. ದೀಪ ಹೊತ್ತಿತು. ಕೃಷ್ಣಮ್ಮ ಕಿವಿಗೊಟ್ಟು ನಿಂತರು. ಕಣದ ಕಡೆಯಿಂದ ಸಣ್ಣ ಗಂಟೆ ಕೇಳಿಸಿತು, ಅಷ್ಟೇ. ಆಮೇಲೆ ಎರಡು ಸಲ ಒತ್ತಿದರು, ಸೈರನ್ ಕೂಗಿತು. ಮತ್ತೆ ಒಂದು, ಮತ್ತೆ ಎರಡು. ಹತ್ತು ಸಲ ಒತ್ತಿದರೂ ಒಂದೂ ತಪ್ಪಲಿಲ್ಲ.

"ಸಾಕು ಮಾರಾಯ್ರೆ, ಊರವ್ರು ಬಂದಾರು!" ಎಂದು ಕೃಷ್ಣಮ್ಮ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೆಳ್ಳಿಯಪ್ಪನವರು ರುದ್ರಾಣಿಯ ಕಡೆ ನೋಡಿ ಒಮ್ಮೆ ಒತ್ತಿದರು. ಗಂಟೆ ಕೇಳಿಸಿದ ಮೇಲೆ ಹೆಂಡತಿಗೆ ಅಡುಗೆಮನೆಯ ಕಡೆ ಕೈ ತೋರಿಸಿದರು.

"ನಿಂಗೆ ಕಾಫಿ ಕೊಡ್ಬೇಕಂತೆ ಕಣೆ, ಕೂತ್ಕೋ," ಎಂದು ಕೃಷ್ಣಮ್ಮ ಒಳಗೆ ಹೋದರು.

ರುದ್ರಾಣಿ ಎರಡು ಲೋಟ ಕುಡಿದು, ಮಧ್ಯಾಹ್ನದ ಜೀಪಿಗೆ ಹಿಂದಿರುಗಿದಳು.