ಅತ್ತೆ ಎಣ್ಣೆ ಹಚ್ಚದ ಹೊಟ್ಟೆ

ಡ್ಯೂಟಿ ಮುಗಿಸಿ ಸೀದಾ ಸೈಬರ್ ಕೆಫೆಗೆ ಬಂದಿದ್ದೇನೆ ಗೆಳೆಯರೇ. ಇವತ್ತು ನಮ್ಮತ್ತೆ ಗೆದ್ದರು, ಅದೂ ನಾನು ನರ್ಸ್ ಆಗಿರುವ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲೇ!

ಅತ್ತೆ ನಮ್ಮೂರು ಕೋಗಳಿಯಲ್ಲಿ ಬಟ್ಟಿ ತಿಕ್ಕುತ್ತಾರೆ, ಅಂದರೆ ಎಣ್ಣೆ ಹಚ್ಚಿ ಹೊಟ್ಟೆ ನೀವುತ್ತಾರೆ. ಹೊಟ್ಟೆನೋವು, ಭೇದಿ ಏನೇ ಬರಲಿ, ಹೊಕ್ಕಳ ಬಟ್ಟಿ ಜಾರಿದೆ ಎಂದು ಜನ ಅವರ ಮುಂದೆ ಬಂದು ಮಲಗುತ್ತಾರೆ. "ಎಲ್ಲಾ ಹೊಟ್ಟಿನೋವೂ ಬಟ್ಟಿ ಅಲ್ಲತ್ತಿ, ಯಾರದಾರ ಜೀವ ತೆಗೀತೀರಿ" ಎಂದು ಆರು ವರ್ಷದಿಂದ ಜಗಳವಾಡುತ್ತಿದ್ದೇನೆ.

ಮಧ್ಯಾಹ್ನ ಪಕ್ಕದ ಮನೆಯ ಗೌಂಡಿ ಹನುಮಂತಪ್ಪನನ್ನು ಟಂಟಂನಲ್ಲಿ ಹಾಕಿಕೊಂಡು ಅತ್ತೆಯೇ ಬಂದರು. ಬೆಳಿಗ್ಗೆ ಹೊಕ್ಕಳ ಸುತ್ತ ಇದ್ದ ನೋವು ಕೆಳಗೆ ಬಲಕ್ಕೆ ಸರಿದಿತ್ತು. ಜೊತೆಗೆ ವಾಂತಿ, ಜ್ವರ. "ಬಟ್ಟಿ ಜಾರೈತಿ, ತಿಕ್ಕಬೇ" ಎಂದು ಅವನ ಮನೆಯವರು ಪಟ್ಟು ಹಿಡಿದಿದ್ದರಂತೆ.

ಡಾಕ್ಟರ್ ಅತ್ತೆಯನ್ನು ಕಂಡಿದ್ದೇ ಗದರಿದರು: "ತಿಕ್ಕಿ ಕೆಡಿಸಿಕೊಂಡು ಬಂದ್ರಾ?"

"ಎಣ್ಣಿ ಮುಟ್ಟಿಲ್ರಿ. ಬಟ್ಟಿ ಜಾರಿದ್ರ ಒತ್ತಿದಾಗ ಹಾಯ್ ಅನಸ್ತೈತಿ ಅಂತಾರ. ಇವ ನಾ ಒತ್ತಿ ಕೈ ಎತ್ತಿದ ಕೂಡ್ಲೇ ಚೀರ್ತಾನ. ಇದು ನನ್ನ ಕೆಲಸ ಅಲ್ರಿ, ನಿಮ್ದು."

ಡಾಕ್ಟರ್ ಬಲಗಡೆ ಒತ್ತಿ ಕೈ ಬಿಟ್ಟರು. ಹನುಮಂತಪ್ಪ ಚೀರಿದ. ಅಪೆಂಡಿಕ್ಸ್! ಒಡೆಯುವ ಮೊದಲೇ ತೆಗೆದದ್ದಾಯಿತು. ನಾನು ಹೊರಡುವಾಗ ಎಚ್ಚರಾಗಿ ಚಹಾ ಕೇಳುತ್ತಿದ್ದ.

ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಅತ್ತೆಗೆ ಕುರ್ಚಿ ಕೊಟ್ಟು ಕೇಳಿದರು: "ಇದನ್ನೆಲ್ಲ ನಿಮಗೆ ಯಾರಮ್ಮ ಕಲಿಸಿದ್ದು?"

ಅತ್ತೆ ನನ್ನ ಕಡೆ ಬೆರಳು ಮಾಡಿದರು: "ಈಕಿನ ರೀ. ದಿನಾ ಬೈತಾಳ."

ಬೈದದ್ದು ನಿಜ. ಕಲಿಸಿದ್ದು ಮಾತ್ರ ನನಗೆ ನೆನಪಿಲ್ಲ.