ಮಾಳಿಂಗರಾಯನ ಎಡಗಾಲು

ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಲ್ಯಾಬಿನಲ್ಲಿ ಮಾಳಿಂಗರಾಯ ರಕ್ತ ತೆಗೆಯುವ ಕೆಲಸ ಮಾಡುತ್ತಾನೆ. ಆದರೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಒಂದು ವರ್ಷದಿಂದ ಆ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. "ಸ್ವಂತ ಬಿಸಿನೆಸ್ ಅದರೀ" ಎನ್ನುತ್ತಿದ್ದ. ಬಿಸಿನೆಸ್ ಎಂದರೆ ಖೂಬಾ ಪ್ಲಾಟಿನ ಬಾಡಿಗೆ ಮನೆಯ ಮಂಚದ ಕೆಳಗೆ ಜೋಡಿಸಿಟ್ಟ ಮೈ ಇಳಿಸುವ ಪುಡಿಯ ಡಬ್ಬಿಗಳು, ಕೊರಳಿಗೊಂದು ಟೈ, ಭಾನುವಾರ ಹೋಟೆಲಿನ ಹಾಲ್‌ನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯುವ ಸಭೆ. ಸಿಕ್ಕವರನ್ನು ಬಿಡಬೇಡಿ ಎಂದು ಆ ಸಭೆಯಲ್ಲಿ ಹೇಳಿಕೊಡುತ್ತಿದ್ದರು. ಸಿಕ್ಕವರೇನು, ಮಾಳಿಂಗರಾಯನ ಕೈಗೆ ಸೂಜಿ ಚುಚ್ಚಿಸಿಕೊಂಡೇ ಸಿಗುತ್ತಿದ್ದರು. ತೋಳಿಗೆ ರಬ್ಬರ್ ಪಟ್ಟಿ ಬಿಗಿಸಿಕೊಂಡವರು ಎದ್ದು ಎಲ್ಲಿಗೆ ಓಡಿಯಾರು? ಸಿರಿಂಜು ತುಂಬುವಷ್ಟರಲ್ಲಿ ಇಡೀ ಪ್ಲಾನ್ ಹೇಳಿ ಮುಗಿಸುತ್ತಿದ್ದ. ಅವರೋ ರಕ್ತ ಕೊಟ್ಟು ಹೋಗುತ್ತಿದ್ದರೇ ಹೊರತು ಫೋನ್ ನಂಬರ್ ಕೊಡುತ್ತಿರಲಿಲ್ಲ.

ಆ ಪ್ಲಾನಿನಲ್ಲಿ ಪ್ರತಿಯೊಬ್ಬನ ಕೆಳಗೂ ಇಬ್ಬರು ಸೇರಬೇಕು. ಒಬ್ಬರು ಎಡಗಾಲು, ಇನ್ನೊಬ್ಬರು ಬಲಗಾಲು. ಹೊರಗಿನವರು ಯಾರೂ ಕಾಲಾಗಲು ಒಪ್ಪದೆ ಅವನು ಹೆಂಡತಿ ರೇವತಿಯನ್ನೇ ಎಡಗಾಲು ಮಾಡಿಕೊಂಡ. ಮೊಬೈಲಿನಲ್ಲೂ ಅವಳ ಹೆಸರು 'ರೇವತಿ ಎಡಗಾಲು' ಎಂದಾಯಿತು. ಅದನ್ನು ಕಂಡ ದಿನ ಅವಳು ನಕ್ಕಿದ್ದಳು.

"ಹೇಣ್ತಿ ಅಂತ ಬರೀಲಿಕ್ಕ ಜಾಗಾ ಸಾಲಲಿಲ್ಲೇನ್ರಿ?"

"ಅದು ಟೀಮಿನ ಭಾಷಾ. ನಿನಗ ತಿಳಿಯಂಗಿಲ್ಲ."

"ತಿಳೀತು ಬಿಡ್ರಿ. ಹೊಸ್ತಿಲ ದಾಟುವಾಗ ಬಲಗಾಲ ಇಡು ಅಂದ್ರು, ಇಟ್ಟೆ. ಒಳಗ ಬಂದ ಮ್ಯಾಲ ಎಡಗಾಲ ಆದೆ."

ಆ ನಗು ಬಹಳ ದಿನ ಉಳಿಯಲಿಲ್ಲ. ಅವಳ ಅತ್ತಿಗೆಯರು ಅವನ ಫೋನ್ ಎತ್ತುವುದನ್ನು ಬಿಟ್ಟರು. ಮದುವೆ ಮನೆಗಳಲ್ಲಿ ಇಬ್ಬರೂ ಬಂದು ಕೂತರೆ ಪಕ್ಕದವರಿಗೆ ಒಮ್ಮೆಲೇ ನೀರಡಿಕೆಯಾಗಿ ಎದ್ದು ಹೋಗುತ್ತಿದ್ದರು. ಮಾಳಿಂಗರಾಯ ಇದನ್ನೆಲ್ಲ ಹೊಟ್ಟೆಕಿಚ್ಚು ಎಂದುಕೊಂಡ. ಸಭೆಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು.

ಅಷ್ಟರಲ್ಲಿ ರೇವತಿಯ ತವರೂರು ಕಮಲಾಪುರದಲ್ಲಿ ಅವಳ ತಂಗಿ ರಾಜೇಶ್ರೀಯ ಕುಬಸ ಬಂತು. ಬಸುರಿಗೆ ಉಡಿ ತುಂಬುವ ದಿನ. ಬಂದ ಮುತ್ತೈದೆಯರಿಗೆ ಕೊಡುವ ಜಂಪರ್ ಪೀಸುಗಳನ್ನು ನಾನೇ ಮಡಚುತ್ತೇನೆ ಎಂದು ಮಾಳಿಂಗರಾಯ ಮುಂದೆ ಬಂದ. ಅಳಿಯ ಬಹಳ ಕೆಲಸದವ ಎಂದು ಮನೆಯವರೆಲ್ಲ ಹೊಗಳಿದರು. ಕೆಲಸದವನು ಪ್ರತಿ ಮಡಿಕೆಯೊಳಗೂ ಕಂಪನಿಯ ಒಂದೊಂದು ಬಣ್ಣದ ಚೀಟಿ ಸೇರಿಸಿದ. ಅದರ ಮೇಲೆ ರೇವತಿಯ ನಗುಮುಖದ ಫೋಟೋ.

ಒಂದು ಪೀಸು ರಾಜೇಶ್ರೀಯ ಉಡಿಗೂ ಬಿತ್ತು. ಅವಳ ಅತ್ತೆ ಅದನ್ನು ಸರಿಪಡಿಸಲು ಹೋದಾಗ ಚೀಟಿ ಹೊರಗೆ ಜಾರಿತು. ಆಕೆ ಎತ್ತಿಕೊಂಡು ದೊಡ್ಡ ಅಕ್ಷರಗಳನ್ನು ಎಲ್ಲರೆದುರೂ ಓದಿದರು: "ಒಂದೇ ತಿಂಗಳಲ್ಲಿ ಹೊಟ್ಟೆ ಕರಗಿಸಿ!"

ಸೋಬಾನೆ ಹಾಡುತ್ತಿದ್ದವರು ನಡುವೆಯೇ ನಿಂತರು. ಬಸುರಿಯ ಉಡಿಯಲ್ಲಿ ಆ ಮಾತು, ಅದರ ಕೆಳಗೆ ಒಡಹುಟ್ಟಿದ ಅಕ್ಕನ ಮುಖ. ರಾಜೇಶ್ರೀ ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡಳು. ರೇವತಿ ಆ ದಿನ ಗಂಡನ ಜೊತೆ ಬಸ್ ಹತ್ತಲಿಲ್ಲ. ಆಮೇಲೂ ಬರಲಿಲ್ಲ.

ಕಾದು ಕಾದು ಮಾಳಿಂಗರಾಯ ಒಂದು ಭಾನುವಾರ ಚಪ್ಪಾಳೆಯ ಸಭೆ ಬಿಟ್ಟು, ಟೈ ಮನೆಯಲ್ಲೇ ಇಟ್ಟು ಕಮಲಾಪುರಕ್ಕೆ ಹೊರಟ. ಅತ್ತೆ ಮಲ್ಕಮ್ಮ ಬಾಗಿಲಲ್ಲೇ ಸಿಕ್ಕರು.

"ಬರ್ರಿ ಅಳ್ಯಾರ. ಒಬ್ರೇ ಬಂದೀರೋ, ಕಂಪನಿನೂ ಬಂದದೋ?"

"ಒಬ್ನೇ ಬಂದೀನ್ರಿ ಅತ್ತಿ."

"ಹಂಗಾದ್ರ ಒಳಗ ಬರ್ರಿ."

ರೇವತಿ ನೀರು ತಂದುಕೊಟ್ಟಳು. ಕುಶಲ ಕೇಳಲಿಲ್ಲ.

"ಡಬ್ಬಿ ಎಲ್ಲಾ ಮಂಚದ ಕೆಳಗಿಂದ ತಗದೀನಿ" ಎಂದ.

"ಎಲ್ಲಿಟ್ಟೀರಿ? ಅಟ್ಟದ ಮ್ಯಾಲ?"

ಅವನು ನೀರು ಕುಡಿಯುತ್ತಲೇ ಇದ್ದ. ಅಟ್ಟದ ಮೇಲೆಯೇ ಇಟ್ಟಿದ್ದ.

"ಡಬ್ಬಿ ಮಾತು ಹಾಳಾಗಲಿ" ಎಂದಳು ರೇವತಿ. "ಮಂದಿ ಮಾರಿ ನೋಡಿದ್ರ ನಿಮಗ ಮನುಷ್ಯಾರು ಕಾಣಬೇಕ್ರಿ. ನನ್ನ ತಂಗಿ ಹೊಟ್ಟಿ ನೋಡಿದ್ರೂ ಗಿರಾಕಿ ಕಂಡ್ತು ನಿಮಗ."

"ತಪ್ಪಾತು. ಬಿಟ್ಟೀನಿ."

"ಖರೇ?"

"ಖರೇನ."

ಅವಳು ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಆಮೇಲೆ ಒಳಗೆ ಕೂಗಿದಳು. "ಯವ್ವಾ, ಉಡಿ ತುಂಬು. ಹೊಂಟೀನಿ."

ಮಾಳಿಂಗರಾಯ ಪಡಸಾಲೆಯ ಕಟ್ಟೆಯ ಮೇಲೆ ಕೂತ. ಮಣೆ ಬಂತು, ಅಕ್ಕಿ ಬಂತು, ಅರಿಶಿನ ಕೊಂಬು, ಕೊಬ್ಬರಿ, ಹಿತ್ತಲಲ್ಲಿ ಬೆಳೆದ ಕೆಂಪು ಬಾಳೆಹಣ್ಣು. ಮಲ್ಕಮ್ಮ ಜಂಪರ್ ಪೀಸನ್ನು ಬಿಚ್ಚಿ, ಅಳಿಯನಿಗೆ ಕಾಣುವಂತೆ ಎರಡು ಸಲ ಕೊಡವಿ, ಮತ್ತೆ ಮಡಚಿದರು. ರೇವತಿಯ ತುಟಿಯ ಮೇಲೆ ಸಣ್ಣಗೆ ನಗು ಬಂದದ್ದನ್ನು ಅವನು ಕಂಡ.

ಅಷ್ಟರಲ್ಲಿ ರೇವತಿಯನ್ನು ಕಳಿಸಿಕೊಡಲೆಂದು ಪಕ್ಕದ ಮನೆಯ ಮಸ್ತಾನಬಿ ಕುಂಟುತ್ತ ಬಂದು, ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು.

"ಯಾ ಅಲ್ಲಾ, ಈ ಮೊಣಕಾಲ ಜಾನ್ ತಗೋಳಾಕತ್ತದ. ಜಮಾಯಿ, ನೀ ದವಾಖಾನಿ ಮನುಷ್ಯಾ, ಏನರ ಹೇಳಪ್ಪಾ."

ದವಾಖಾನೆಯ ಮನುಷ್ಯ ಹೇಳಬೇಕಾದದ್ದು ಅವನಿಗೆ ಗೊತ್ತಿತ್ತು: ಡಾಕ್ಟರಿಗೆ ತೋರಿಸು, ಒಂದು ಎಕ್ಸ್‌ರೇ ಮಾಡಿಸು. ಆದರೆ ನಾಲಿಗೆ ಬೇರೆ ಕಡೆ ಪಳಗಿತ್ತು.

"ಖಾಲಾ, ಒಂದು ಎಣ್ಣಿ ಅದ. ಹಚ್ಚಿದ್ರ ಓಡ್ಯಾಡ್ತೀರಿ. ನಾ ತಂದ್ಕೊಡ್ತೀನಿ, ಹಂಗ ನಿಮ್ಮ ಓಣ್ಯಾಗ ಇನ್ನೊಬ್ಬರಿಗೆ ನೀವು ಹೇಳಿದ್ರ..."

ಮಲ್ಕಮ್ಮನ ಬೊಗಸೆಯ ಅಕ್ಕಿ ಗಾಳಿಯಲ್ಲೇ ನಿಂತದ್ದನ್ನು ಕಂಡಾಗ ಅವನ ಮಾತು ನಿಂತಿತು.

ಅರ್ಧ ತುಂಬಿದ ಉಡಿಯನ್ನು ಬಿಡಬಾರದು. ಮಲ್ಕಮ್ಮ ತುಂಬಿ ಮುಗಿಸಿದರು. ರೇವತಿ ಎದ್ದಳು. ಉಡಿ ತುಂಬಿಸಿಕೊಂಡವಳು ಹೊಸ್ತಿಲ ಕಡೆ ನಡೆಯಬೇಕು. ಅವಳು ಸೆರಗನ್ನು ಬಿಗಿ ಹಿಡಿದು ಅಡುಗೆಮನೆಯ ಕಡೆ ನಡೆದಳು.

"ಯವ್ವಾ, ಈ ಅಕ್ಕಿ ಇಲ್ಲೇ ಅನ್ನಕ್ಕ ಇಡೂಣು" ಎಂಬ ಮಾತು ಒಳಗಿಂದ ಕೇಳಿತು.

"ಏನಾತು? ನಾ ಏನ ಅಂದೆ?" ಎಂದು ಮಸ್ತಾನಬಿ ಎಲ್ಲರ ಮುಖ ನೋಡಿದಳು.

"ನೀ ಏನೂ ಅಂದಿಲ್ಲ ಬಿಡು" ಎಂದರು ಮಲ್ಕಮ್ಮ. "ಅಳ್ಯಾರ, ಹೋಗ್ರಿ, ಬಸ್ ತಪ್ತದ."

ಬಸ್ಸಿನಲ್ಲಿ ಪಕ್ಕದವನು ಕುತ್ತಿಗೆ ಉಜ್ಜಿಕೊಳ್ಳುತ್ತ ಕೇಳಿದ. "ಏನ ಮಾಡ್ತೀರಿ ತಾವು?"

"ಲ್ಯಾಬಿನಾಗ ರಕ್ತ ತಗೀತೀನ್ರಿ."

ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡ. ಇದೇ ಮಾತನ್ನು ಕಟ್ಟೆಯ ಮೇಲೆ ಆಡಿದ್ದರೆ ಮುಂದಿನ ಹೆಂಗಸರ ಸೀಟಿನಲ್ಲಿ ಈಗ ರೇವತಿ ಕೂತಿರುತ್ತಿದ್ದಳು. ಮೊಬೈಲ್ ತೆಗೆದು ಅವಳ ಹೆಸರಿನ ಪಕ್ಕದ 'ಎಡಗಾಲು' ಅಳಿಸಿದ. ಬರೀ 'ರೇವತಿ' ಉಳಿಯಿತು. ಆ ಹೆಸರು ಒತ್ತಿ ಕಿವಿಗೆ ಹಿಡಿದ. ಅತ್ತ ಕಡೆ ರಿಂಗಾಗುತ್ತಲೇ ಇತ್ತು. ಅವನ ನಂಬರ್ ಕಂಡರೆ ಫೋನ್ ಎತ್ತಬಾರದೆಂಬುದನ್ನು ಅವಳ ಮನೆಯವರೆಲ್ಲ ಮೊದಲೇ ಕಲಿತಿದ್ದರು. ಅವಳು ಈಗ ಕಲಿಯುತ್ತಿದ್ದಳು.