ತಾರಸಿಯ ದಿನದ ಬಾಡೂಟ

ಸ್ನೇಹಿತರೇ, ಜಯನಗರದಲ್ಲಿ ರಾಯರ ಹೊಸ ಮನೆಯ ತಾರಸಿಗೆ ಇಂದು ಕಾಂಕ್ರೀಟ್ ಹಾಕಿಸುತ್ತಿದ್ದೆ. ಅರ್ಧದಲ್ಲೇ ಆಳುಗಳು ಕಾಂಕ್ರೀಟ್ ಹೊರುವ ಬಾಂಡಲಿ ಕೆಳಗಿಟ್ಟರು. ತಾರಸಿಯ ದಿನ ಮನೆಯವರು ಬಾಡೂಟ ಹಾಕಿಸುವುದು ವಾಡಿಕೆ. ರಾಯರು ಚಿತ್ರಾನ್ನ ತರಿಸಿದ್ದರು.

“ಚಿತ್ರಾನ್ನ ತಿಂದು ಬಾಂಡ್ಲಿ ಹೊರೋಕಾಯ್ತದಾ ಮೇಸ್ತ್ರಿ?” ಎಂದು ಆಳು ಮುನಿಯಮ್ಮ ನನ್ನನ್ನು ಕೇಳಿದಳು.

“ನಮ್ಮನೇಲಿ ಮಾಂಸಾನಾ? ರಾಮ ರಾಮಾ!” ಎಂದರು ರಾಯರು.

ಕಲಸಿದ ಕಾಂಕ್ರೀಟ್ ಯಾರ ಮಡಿಗೂ ಕಾಯುವುದಿಲ್ಲ. “ಕೆಲಸ ನಿಂತ ಕಡೆ ಮಳೆಗಾಲಕ್ಕೆ ಸೋರತ್ತೆ, ಸ್ವಾಮಿ,” ಎಂದೆ.

ರಾಯರು ಎದುರಿನ ಖಾಲಿ ಸೈಟನ್ನು ನೋಡಿದರು. “ಅಲ್ಲಿ ಬೇಯಿಸ್ಕೊಳ್ಳಿ. ಖರ್ಚು ನಂದು.”

ಸಂಜೆಗೆ ತಾರಸಿ ಮುಗಿಯಿತು. ಎದುರುಗಡೆ ಎಲೆ ಹಾಕಿದಾಗ ರಾಯರು ಮೂಗಿಗೆ ಶಲ್ಯ ಹಿಡಿದುಕೊಂಡು ರಸ್ತೆಯ ಈಚೆಯಿಂದಲೇ ಕೂಗಿದರು: “ನಾಚ್ಕೋಬೇಡ ಮುನಿಯಮ್ಮ, ಇನ್ನೊಂದ್ಸಲ ಹಾಕಿಸ್ಕೋ!”

ರಸ್ತೆಯ ಅಗಲದಷ್ಟು ಉದ್ದದ ಸೌಟಿನಿಂದ ಬಡಿಸುವವರನ್ನು ನಾನು ಇಂದೇ ಕಂಡದ್ದು.